ಒಡವೆಯಿಂದ ಓದಿಗೆ

ಹಾಸನ ಜಿಲ್ಲೆಯ ಹಳ್ಳಿಗಾಡಿನಲ್ಲಿ ಒಡವೆಗೆ ಎರಡು ಬಾಳು. ಒಂದು ಮೈಮೇಲಿನದು, ಮತ್ತೊಂದು ಗಿರವಿ ಅಂಗಡಿಯದು. ಚನ್ನರಾಯಪಟ್ಟಣದ ಕಡೆ ತೆಂಗಿಗೆ ಒಳ್ಳೆಯ ಬೆಲೆ ಬಂದ ವರ್ಷ, ಹೊಳೆನರಸೀಪುರದ ಬಯಲಿಗೆ ಹೇಮಾವತಿಯ ನೀರು ಹರಿದು ಕಣಜ ತುಂಬಿದ ವರ್ಷ, ಅರಕಲಗೂಡಿನ ಹೊಗೆಸೊಪ್ಪು ಹರಾಜುಕಟ್ಟೆಯಲ್ಲಿ ಮೇಲು ದರಕ್ಕೆ ಹೋದ ವರ್ಷ, ಮನೆಯ ಹೆಂಗಸರ ಕಿವಿಗೆ ಹೊಸ ಓಲೆ ಬರುತ್ತದೆ. ಕೊರಳಿಗೆ ಎರಡೆಳೆಯ ಸರ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ಓಲೆ, ಅದೇ ಸರ ಸೆರಗಿನ ಗಂಟಿನಲ್ಲಿ ಅಡಗಿ ಪೇಟೆಗೆ ಹೋಗುತ್ತವೆ. ಬಿತ್ತನೆಯ ಬೀಜಕ್ಕಾಗಿ, ಆಸ್ಪತ್ರೆಯ ಖರ್ಚಿಗಾಗಿ ಒಡವೆ ಇಟ್ಟವರುಂಟು. ಜೂನ್ ತಿಂಗಳಲ್ಲಿ ಶಾಲೆ ಕಾಲೇಜುಗಳು ಬಾಗಿಲು ತೆರೆಯುವ ಹೊತ್ತಿಗೆ ಮಗನ ಹಾಸ್ಟೆಲಿನ ಹಣಕ್ಕಾಗಿ, ಮಗಳ ಪುಸ್ತಕ ಬಸ್ಸುಗಳ ಖರ್ಚಿಗಾಗಿ ಇಟ್ಟವರ ಸಂಖ್ಯೆಯೂ ಕಡಿಮೆಯಲ್ಲ. ಇಂದು ಓದಿ ಕೆಲಸಕ್ಕೆ ಸೇರಿರುವ ಎಷ್ಟೋ ಮಂದಿಯ ವಿದ್ಯೆಯ ಹಿಂದೆ ತಾಯಿಯೊಬ್ಬಳ ಬರಿಗೊರಳಿದೆ. ಆ ಲೆಕ್ಕವನ್ನು ಯಾವ ಕಛೇರಿಯೂ ಬರೆದಿಟ್ಟಿಲ್ಲ.

ಒಡವೆಯ ಮೋಹವೂ ಈ ಸೀಮೆಗೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿಯೂ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿಯೂ ಶಿಲ್ಪಿಗಳು ಕಲ್ಲಿನ ಕೊರಳುಗಳಿಗೆ ತೊಡಿಸಿರುವ ಹಾರಗಳನ್ನು ಕಂಡವರು ಬೆರಗಾಗುತ್ತಾರೆ. ಮಣಿಗೆ ಮಣಿ ಬಿಡಿಬಿಡಿಯಾಗಿ ಕಾಣುವಂತೆ, ಸರದ ಹಿಂದೆ ನೆರಳು ಬೀಳುವಂತೆ ಅವರು ಬಳಪದ ಕಲ್ಲನ್ನು ಕೊರೆದಿದ್ದಾರೆ. ಅಕ್ಕಸಾಲಿಯ ಕೆಲಸವನ್ನು ಹತ್ತಿರದಿಂದ ನೋಡಿ ತಿಳಿಯದವನಿಗೆ ಅಂಥ ಕೆತ್ತನೆ ಸಾಧ್ಯವಾಗುತ್ತಿರಲಿಲ್ಲ.

ಹಾಸನದಿಂದ ತೆಂಕಲಿಗೆ ಹೊರಟು, ಅರಕಲಗೂಡು, ಕೊಣನೂರುಗಳನ್ನು ಹಾದು, ಕಾವೇರಿಯ ಮೇಲುಹರಿವಿನತ್ತ ಸಾಗಿದರೆ ಕುಶಾಲನಗರ ಸಿಗುತ್ತದೆ. ಅದಕ್ಕೆ ಅಂಟಿಕೊಂಡಂತೆ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಬೈಲಕುಪ್ಪೆಯಿದೆ. ದಾರಿಯುದ್ದಕ್ಕೂ ಕಂಡ ಹೊಗೆಸೊಪ್ಪು, ಮುಸುಕಿನ ಜೋಳ, ರಾಗಿಯ ಹೊಲಗಳೇ ಇಲ್ಲಿಯೂ ಮುಂದುವರಿಯುತ್ತವೆ. ಆದರೆ ಹೊಲದ ಅಂಚಿನಲ್ಲಿ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಹಾರಾಡುತ್ತವೆ. ಮರೂನು ಬಣ್ಣದ ಉಡುಪಿನ ಭಿಕ್ಷುಗಳು ನಡೆದಾಡುತ್ತಾರೆ. ಮುದುಕಿಯರು ಕೈಯಲ್ಲಿ ಪ್ರಾರ್ಥನಾಚಕ್ರವನ್ನು ತಿರುಗಿಸುತ್ತ ಕುಳಿತಿರುತ್ತಾರೆ. ಅವರ ಕೊರಳಲ್ಲಿ ಕೆಂಪು ಹವಳ, ನೀಲಿ ಕಲ್ಲು, ಬೆಳ್ಳಿಯ ಪುಟ್ಟ ಕರಡಿಗೆ. ಭಾರತದಲ್ಲಿರುವ ಟಿಬೆಟನ್ ನೆಲೆಗಳಲ್ಲಿ ಅತ್ಯಂತ ದೊಡ್ಡವುಗಳ ಸಾಲಿಗೆ ಸೇರಿದ ಊರಿದು.

ಈ ಜನ ಇಲ್ಲಿಗೆ ಬಂದುದು ಸುಖದ ಕಾಲದಲ್ಲಿ ಅಲ್ಲ. 1959ರ ಮಾರ್ಚ್ 17ರ ರಾತ್ರಿ ಹದಿನಾಲ್ಕನೆಯ ದಲೈ ಲಾಮಾ ಅವರು ವೇಷ ಮರೆಸಿಕೊಂಡು ಲಾಸಾ ನಗರವನ್ನು ಬಿಟ್ಟರು. ಅದೇ ತಿಂಗಳ ಕೊನೆಯ ದಿನ ಅವರು ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆಯೇ ಸುಮಾರು 80,000 ಮಂದಿ ಹಿಮಾಲಯದ ಕಣಿವೆಗಳನ್ನು ದಾಟಿ ಭಾರತ, ನೇಪಾಳ, ಭೂತಾನಗಳಿಗೆ ಬಂದರು. ಹಿಮದಲ್ಲಿ ನಡೆದು ಬರುವವರು ಹೊಲವನ್ನು ಹೊತ್ತು ತರಲಾರರು. ಚಮರೀಮೃಗಗಳ ಹಿಂಡನ್ನು ಹೊಡೆದು ತರಲಾರರು. ಕೈಗೆ ಹಗುರವಾದದ್ದು, ಬೆಲೆಗೆ ಭಾರವಾದದ್ದು ಯಾವುದೋ ಅದನ್ನೇ ಆರಿಸಿಕೊಳ್ಳಬೇಕಾಗಿತ್ತು. ಹಾಗೆ ಆರಿಸಿದ್ದರಲ್ಲಿ ಎರಡೇ ವಸ್ತುಗಳು ಮುಖ್ಯವಾಗಿದ್ದವು: ಒಂದು ಧರ್ಮಗ್ರಂಥ, ಮತ್ತೊಂದು ಒಡವೆ.

ಗ್ರಂಥಗಳು ಉಳಿದವು, ಒಡವೆಗಳು ಹೋದವು. ಕಾಲಿಂಪಾಂಗ್, ಡಾರ್ಜಿಲಿಂಗ್ ಮೊದಲಾದ ಗಡಿಪೇಟೆಗಳಲ್ಲಿ ನಿರಾಶ್ರಿತರು ತಮ್ಮ ಅಜ್ಜಿಯರ ಕಾಲದ ಹವಳದ ಸರಗಳನ್ನೂ ಬೆಳ್ಳಿಯ ಆಭರಣಗಳನ್ನೂ ಅಕ್ಕಿ, ಕಂಬಳಿ, ಔಷಧಿಗಳಿಗಾಗಿ ಮಾರಿಕೊಂಡರು. ಒಂದೇ ಕಾಲದಲ್ಲಿ ಎಲ್ಲರೂ ಮಾರಲು ಬಂದರೆ ಬೆಲೆ ಏನಾಗುತ್ತದೆ ಎಂಬುದು ಸಂತೆಯನ್ನು ಕಂಡವರಿಗೆ ಹೇಳಬೇಕಾದ ಮಾತಲ್ಲ.

ಸಾಮಾನ್ಯರ ಒಡವೆಗಳಿಗೆ ಒದಗಿದ ಗತಿಯೇ ಅರಮನೆಯ ಭಂಡಾರಕ್ಕೂ ಒದಗಿತು. 1950ರಲ್ಲಿಯೇ, ಕೆಟ್ಟ ಕಾಲ ಬರಬಹುದೆಂದು ಊಹಿಸಿ, ದಲೈ ಲಾಮಾ ಅವರ ಕಡೆಯವರು ಚಿನ್ನದ ಪುಡಿಯನ್ನೂ ಬೆಳ್ಳಿಯ ಗಟ್ಟಿಗಳನ್ನೂ ಪೆಟ್ಟಿಗೆಗಳಲ್ಲಿ ತುಂಬಿ ಸಿಕ್ಕಿಮಿಗೆ ಸಾಗಿಸಿ ಇಟ್ಟಿದ್ದರು. ನಿರಾಶ್ರಿತರ ಹೊಟ್ಟೆಪಾಡು ಮತ್ತು ಪುನರ್ವಸತಿಯ ಹೊರೆ ತಲೆಯ ಮೇಲೆ ಬಿದ್ದಾಗ ಅದನ್ನು ಕಲ್ಕತ್ತೆಗೆ ತಂದು ಮಾರಲಾಯಿತು. ಬಂದ ಹಣವನ್ನು ಉದ್ಯಮಗಳಲ್ಲಿ ತೊಡಗಿಸಿದರು. ವ್ಯಾಪಾರದ ಅನುಭವವಿಲ್ಲದ ಕೈಗಳಲ್ಲಿ ಅದರ ಬಹುಭಾಗ ಕರಗಿಹೋಯಿತು. ಅಳಿದುಳಿದ ಹಣದಿಂದ 1964ರಲ್ಲಿ ಒಂದು ದತ್ತಿ ಸಂಸ್ಥೆಯನ್ನು ಸ್ಥಾಪಿಸಿದರು. ಕರಗಿಹೋದದ್ದು ದೊಡ್ಡದು, ಉಳಿದದ್ದು ಚಿಕ್ಕದು. ಆದರೂ ಆ ಚಿಕ್ಕದನ್ನು ನೆಚ್ಚಿಕೊಂಡು ಬಾಳಿದವರು ಬಹಳ ಮಂದಿ.

ಟಿಬೆಟನ್ನರು ಮಾರಿಕೊಂಡ ವಸ್ತುಗಳು ಎಂಥವು ಎಂಬುದನ್ನು ತಿಳಿಯದೆ ಅವರ ನಷ್ಟವನ್ನು ಅಳೆಯುವುದು ಸಾಧ್ಯವಿಲ್ಲ. ಅವರ ಒಡವೆಗಳಲ್ಲಿ ಚಿನ್ನ ಬೆಳ್ಳಿಗಳಿಗಿಂತ ಕಲ್ಲು ಮಣಿಗಳಿಗೇ ಹೆಚ್ಚಿನ ಮರ್ಯಾದೆ. ಅವುಗಳಲ್ಲಿ ಮೊದಲನೆಯದು ವೈಡೂರ್ಯದಂತೆ ಅಮೂಲ್ಯವೆಂದು ಅವರು ಭಾವಿಸುವ ನೀಲಿ ಕಲ್ಲು. ಅವರ ಮಾತಿನಲ್ಲಿ ‘ಯು’. ಇಂಗ್ಲಿಷಿನವರು ಇದನ್ನು ಟರ್ಕಾಯ್ಸ್ ಎನ್ನುತ್ತಾರೆ. ತಾಮ್ರದ ಅಂಶವಿರುವುದರಿಂದ ಇದಕ್ಕೆ ನೀಲಿ ಬಣ್ಣ ಬಂದಿದೆ. ಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ತೊಟ್ಟವರ ಬೆವರು, ಎಣ್ಣೆಗಳನ್ನು ಹೀರಿ ಅದು ವರ್ಷಗಳು ಕಳೆದಂತೆ ಹಸಿರಿಗೆ ತಿರುಗುತ್ತದೆ. ಕಲ್ಲು ಹಸಿರಾದರೆ ಅದಕ್ಕೆ ವಯಸ್ಸಾಯಿತೆಂದೂ, ತೊಟ್ಟವರ ಕಷ್ಟವನ್ನು ಅದು ತನ್ನ ಮೇಲೆ ಎಳೆದುಕೊಂಡಿತೆಂದೂ ಅವರ ನಂಬಿಕೆ. ಮನುಷ್ಯನ ಜೀವಶಕ್ತಿಯ ನೆಲೆಯಾಗಿ ಒಬ್ಬೊಬ್ಬರಿಗೆ ಒಂದೊಂದು ಕಲ್ಲು ಇರುವುದುಂಟು. ಅಂಥದ್ದನ್ನು ಮಾರುವುದೆಂದರೆ ಮೈಯಿಂದ ಏನನ್ನೋ ಕಿತ್ತು ಕೊಟ್ಟಂತೆಯೇ ಸರಿ.

ಎರಡನೆಯದು ಹವಳ. ಸಮುದ್ರದಿಂದ ಸಾವಿರಾರು ಅಡಿ ಮೇಲಿರುವ, ಸಮುದ್ರವನ್ನೇ ಕಾಣದ ನಾಡಿನಲ್ಲಿ ಸಮುದ್ರಜೀವಿಯ ಗೂಡಿಗೆ ಈ ಪರಿಯ ಬೆಲೆ ಬಂದುದು ವಿಚಿತ್ರವೇ ಹೌದು. ಮೆಡಿಟರೇನಿಯನ್ ಕಡಲಿನ ಕೆಂಪು ಹವಳ ವರ್ತಕರ ಕೈಯಿಂದ ಕೈಗೆ ದಾಟಿ ಟಿಬೆಟನ್ನು ಸೇರುತ್ತಿತ್ತು. ಆ ನಾಡಿನಲ್ಲಿ ಹವಳಕ್ಕೆ ಭಾರಿ ಬೆಲೆಯಿದೆಯೆಂದೂ, ಜನರು ಅದನ್ನು ಹೆಂಗಸರ ಕೊರಳಿಗೂ ದೇವರ ವಿಗ್ರಹಗಳಿಗೂ ತೊಡಿಸುತ್ತಾರೆಂದೂ ಹದಿಮೂರನೆಯ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ಬರೆದಿಟ್ಟಿದ್ದಾನೆ. ಕನ್ನಡದ ಹಳ್ಳಿಗಳ ಅಜ್ಜಿಯರ ಕೊರಳಿನ ಹವಳದ ಸರವೂ ಹೀಗೆಯೇ ದೂರದ ಕಡಲನ್ನು ದಾಟಿ ಬಂದ ವಸ್ತು.

ಮೂರನೆಯದು ‘ಜಿ’ ಎಂಬ ಮಣಿ. ಇದು ಅಗೇಟ್ ಎಂಬ ಗಟ್ಟಿ ಕಲ್ಲಿನದು. ಕಂದು ಕಪ್ಪು ಮೈಮೇಲೆ ಬಿಳಿಯ ಗೆರೆಗಳೂ ಕಣ್ಣಿನಂಥ ಸುತ್ತುಗಳೂ ಇರುತ್ತವೆ. ಒಂಬತ್ತು ಕಣ್ಣಿನ ಮಣಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಪುರಾತನ ಕಾಲದ ಕುಶಲಿಗಳು ಕ್ಷಾರದ್ರವ್ಯದಿಂದ ಕಲ್ಲಿನ ಮೇಲೆ ಈ ಗುರುತುಗಳನ್ನು ಮೂಡಿಸಿದರೆಂದು ವಿದ್ವಾಂಸರು ಹೇಳುತ್ತಾರೆ. ಟಿಬೆಟನ್ನರು ಮಾತ್ರ ಇದನ್ನು ಮನುಷ್ಯರು ಮಾಡಿದ್ದೆಂದು ಒಪ್ಪುವುದಿಲ್ಲ. ಅದೊಂದು ಜೀವಂತ ಹುಳುವಾಗಿತ್ತು, ಮನುಷ್ಯನ ಕೈ ತಗುಲಿದೊಡನೆ ಕಲ್ಲಾಯಿತು ಎಂದು ಅವರಲ್ಲಿ ಕಥೆಯಿದೆ. ಹೊಲ ಉಳುವಾಗ ಇಂಥ ಮಣಿ ಸಿಕ್ಕಿತೆಂದರೆ ನಿಧಿ ಸಿಕ್ಕಂತೆಯೇ ಅವರು ಸಂಭ್ರಮಿಸುತ್ತಿದ್ದರು.

ಈ ಮಣಿಗಳ ನಡುವೆ ಪದಕದಂತೆ ತೂಗುವ ಬೆಳ್ಳಿಯ ಪೆಟ್ಟಿಗೆಗೆ ‘ಗಾವು’ ಎಂದು ಹೆಸರು. ಮಂತ್ರ ಬರೆದ ಕಾಗದದ ಸುರುಳಿ, ಗುರುವಿನ ಬಟ್ಟೆಯ ತುಣುಕು, ಅಂಗೈಯೊಳಗೆ ಅಡಗುವಷ್ಟು ಪುಟ್ಟ ಮೂರ್ತಿ—ಇವನ್ನು ಅದರೊಳಗೆ ಇಡುತ್ತಾರೆ. ಗಂಡಸರು ಪ್ರಯಾಣ ಹೊರಟಾಗ ದೊಡ್ಡ ಗಾವನ್ನು ಪಟ್ಟಿಯಿಂದ ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದರು. ಲಾಸಾದ ಹೆಂಗಸರ ಗಾವು ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟಂತೆ ನಕ್ಷತ್ರದ ಆಕಾರದ್ದು. ಕರ್ನಾಟಕದ ವೀರಶೈವರು ಇಷ್ಟಲಿಂಗವನ್ನಿಟ್ಟು ಎದೆಯ ಮೇಲೆ ಧರಿಸುವ ಬೆಳ್ಳಿಯ ಕರಡಿಗೆಯನ್ನು ಬಲ್ಲವರಿಗೆ ಗಾವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿತವನ್ನು ಬಲ್ಲವರಿಗೂ ಅಷ್ಟೆ.

ಅವರ ಮಾತಿನಲ್ಲಿಯೂ ರತ್ನಗಳು ತುಂಬಿವೆ. ‘ನೋರ್ಬು’ ಎಂದರೆ ರತ್ನ. ಅದು ಅವರ ಗಂಡುಮಕ್ಕಳಿಗೆ ಇಡುವ ಸಾಮಾನ್ಯ ಹೆಸರು. ಬುದ್ಧ, ಧರ್ಮ, ಸಂಘಗಳು ಅವರಿಗೆ ಮೂರು ರತ್ನಗಳು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಜೈನರು ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳನ್ನು ರತ್ನತ್ರಯವೆಂದು ಕರೆಯುವುದು ಇಲ್ಲಿ ನೆನಪಾಗುತ್ತದೆ. ದಲೈ ಲಾಮಾ ಅವರನ್ನು ಭಕ್ತರು ಕರೆಯುವ ಒಂದು ಹೆಸರಿಗೆ ‘ಬೇಡಿದ್ದನ್ನು ಕೊಡುವ ಮಣಿ’ ಎಂದು ಅರ್ಥ. ಕನ್ನಡದಲ್ಲಿ ಹೇಳುವುದಾದರೆ ಚಿಂತಾಮಣಿ. ಸಾವಿರ ವರ್ಷಗಳ ಹಿಂದೆ ಇದೇ ಬಗೆಯ ಹೆಸರನ್ನು ಕನ್ನಡ ನಾಡು ಒಬ್ಬ ಹೆಣ್ಣುಮಗಳಿಗೆ ಕೊಟ್ಟಿತ್ತು. ದಾನಚಿಂತಾಮಣಿ ಅತ್ತಿಮಬ್ಬೆ ತನ್ನ ಐಶ್ವರ್ಯವನ್ನು ವೆಚ್ಚ ಮಾಡಿ ಪೊನ್ನನ ಶಾಂತಿಪುರಾಣದ ಸಾವಿರ ಓಲೆಯ ಪ್ರತಿಗಳನ್ನು ಬರೆಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರು, ಎಷ್ಟು ತಿಂಗಳು, ಎಷ್ಟು ಹೊನ್ನು! ಹೊನ್ನು ಪುಸ್ತಕವಾಗಿ ಮಾರ್ಪಟ್ಟ ಇಂಥ ಉದಾಹರಣೆ ಬೇರೆ ನಾಡುಗಳ ಚರಿತ್ರೆಯಲ್ಲಿಯೂ ವಿರಳ.

ಟಿಬೆಟನ್ ಅಕ್ಕಸಾಲಿಯ ಕೆಲಸದ ರೀತಿಯನ್ನು ಹಾಸನದ ಯಾವ ಪತ್ತಾರನೂ ಸುಲಭವಾಗಿ ಗುರುತಿಸಬಲ್ಲ. ಅದೇ ಕುಲುಮೆ, ಅದೇ ಮೂಸೆ, ಅದೇ ಊದುಗೊಳವೆ, ಅದೇ ಚಿಮ್ಮಟ. ಹಿಂದೆ ಲಾಸಾದಲ್ಲಿ ಈ ಕಸುಬಿನವರಲ್ಲಿ ಅನೇಕರು ನೇಪಾಳದ ನೇವಾರರಾಗಿದ್ದರು. ಗಣಿಯ ಬೆಳ್ಳಿ ಸಾಲದುದರಿಂದ ಬೆಳ್ಳಿಯ ನಾಣ್ಯಗಳನ್ನೇ ಕರಗಿಸುತ್ತಿದ್ದರು. ಚೀನೀಯರ ಡಾಲರುಗಳೂ ಭಾರತದ ರೂಪಾಯಿಗಳೂ ಹೀಗೆ ಮೂಸೆಗೆ ಬಿದ್ದು ಗಾವುಗಳಾಗಿವೆ. ಅಪ್ಪಟ ಬೆಳ್ಳಿ ಮೆತ್ತಗಿರುವುದರಿಂದ ಅದಕ್ಕೆ ಸ್ವಲ್ಪ ತಾಮ್ರವನ್ನು ಬೆರೆಸಬೇಕು. ಕರಗಿದ ಬೆಳ್ಳಿಯನ್ನು ಅಚ್ಚಿಗೆ ಹೊಯ್ದು, ಬಡಿದು ತಗಡು ಮಾಡುತ್ತಾರೆ. ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತದೆ. ಆಗ ಮತ್ತೆ ಕಾಯಿಸಿ ಆರಿಸಬೇಕು. ಆತುರಪಟ್ಟರೆ ತಗಡು ಸೀಳುತ್ತದೆ.

ತಗಡಿನ ಮೇಲೆ ಹೂವು ಬಳ್ಳಿಗಳನ್ನು ಎಬ್ಬಿಸುವ ಉಬ್ಬುಕೆಲಸವೇ ಇದರಲ್ಲಿ ಬಹು ನಾಜೂಕಾದದ್ದು. ತಗಡನ್ನು ಬಿಸಿಯಾದ ಅರಗಿನ ಮೇಲೆ ಕೂರಿಸಿ, ಅರಗು ಆರಿದ ಮೇಲೆ ಮೊಂಡು ತುದಿಯ ಸಣ್ಣ ಉಳಿಗಳಿಂದ ಹಿಂಬದಿಯನ್ನು ತಟ್ಟುತ್ತಾರೆ. ಅರಗು ತಗಡಿಗೆ ಆಸರೆಯನ್ನೂ ಕೊಡುತ್ತದೆ, ಪೆಟ್ಟಿಗೆ ತಕ್ಕಷ್ಟು ತಗ್ಗುತ್ತಲೂ ಹೋಗುತ್ತದೆ. ಬಳಿಕ ತಗಡನ್ನು ಬಿಡಿಸಿ, ಮಗುಚಿ, ಮುಂಬದಿಯಿಂದ ಗೆರೆಗಳನ್ನು ತಿದ್ದುತ್ತಾರೆ. ಅಂಚಿಗೆ ರವೆಯಂಥ ಗುಂಡುಗಳನ್ನು ಕೂರಿಸುವುದು ಮತ್ತೊಂದು ಕೆಲಸ. ಬೆಳ್ಳಿಯ ತಂತಿಯ ಚೂರುಗಳನ್ನು ಇದ್ದಿಲ ಮೇಲಿಟ್ಟು ಊದಿದರೆ ಅವು ಕರಗಿ ತಾವಾಗಿಯೇ ಗುಂಡಾಗುತ್ತವೆ; ಎಲೆಯ ಮೇಲಿನ ಮಳೆಯ ಹನಿ ಗುಂಡಾಗುವುದಕ್ಕೆ ಕಾರಣವಾದ ಮೇಲ್ಮೈ ಎಳೆತವೇ ಇಲ್ಲಿಯೂ ಕೆಲಸ ಮಾಡುತ್ತದೆ. ಬಿಳಿಗಾರವನ್ನು ಸವರಿ ಈ ಗುಂಡುಗಳನ್ನು ಬೆಸೆಯುತ್ತಾರೆ. ಉರಿ ಒಂದಿಷ್ಟು ಹೆಚ್ಚಾದರೂ ಬೆಸುಗೆಯೊಂದಿಗೆ ಒಡವೆಯೂ ಕರಗಿಹೋಗುತ್ತದೆ. ಕಲ್ಲುಗಳನ್ನು ಕೂರಿಸುವುದು ಎಲ್ಲಕ್ಕಿಂತ ಕೊನೆಗೆ, ಬೆಂಕಿಯ ಕೆಲಸವೆಲ್ಲ ಮುಗಿದ ಮೇಲೆ. ಏಕೆಂದರೆ ನೀಲಿ ಕಲ್ಲಾಗಲಿ ಹವಳವಾಗಲಿ ಉರಿಯನ್ನು ತಾಳಲಾರದು. ಕಲ್ಲಿನ ಸುತ್ತ ಬೆಳ್ಳಿಯ ತೆಳುವಾದ ಅಂಚನ್ನು ಕಟ್ಟಿ, ಒಳಕ್ಕೆ ಮಡಿಚಿ ಒತ್ತುತ್ತಾರೆ. ಇಷ್ಟಾದರೆ ಒಂದು ಪದಕ. ಕಲಿಯುವ ಹುಡುಗನಿಗೆ ಉಳಿ ಹಿಡಿಯುವುದು ಕೈಗೆ ಬರಲು ವರ್ಷಗಳೇ ಬೇಕು.

ಒಡವೆಗಳನ್ನು ಮಾರಿದವರ ಮಕ್ಕಳ ಕಥೆ ಇನ್ನೊಂದಿದೆ. ನಿರಾಶ್ರಿತರಲ್ಲಿ ಸಾವಿರಾರು ಮಂದಿ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗೆ ಸೇರಿದರು. ತಂದೆತಾಯಿಗಳು ಬಂಡೆ ಒಡೆಯುತ್ತಿದ್ದಾಗ ಮಕ್ಕಳು ರಸ್ತೆಯ ಬದಿಯಲ್ಲಿಯೇ ಬೆಳೆಯುತ್ತಿದ್ದರು. ಕಾಯಿಲೆಯಿಂದ, ಅರೆಹೊಟ್ಟೆಯಿಂದ ಸಾಯುತ್ತಲೂ ಇದ್ದರು. 1960ರ ಮಾರ್ಚ್ ತಿಂಗಳಲ್ಲಿ ಮಸ್ಸೂರಿಯಲ್ಲಿ ಮೊದಲ ಟಿಬೆಟನ್ ಶಾಲೆ 50 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರು ಆ ಮಕ್ಕಳ ಹೊಣೆ ಹೊತ್ತರು. ಅವರು ತೀರಿಕೊಂಡ ಬಳಿಕ ತಂಗಿ ಜೆತ್ಸುನ್ ಪೆಮಾ ಅವರು 1964ರಿಂದ ಹಲವು ದಶಕಗಳ ಕಾಲ ಅದನ್ನು ನಡೆಸಿದರು. ಇಂದಿನ ಟಿಬೆಟನ್ ಮಕ್ಕಳ ಗ್ರಾಮಗಳ ಮೂಲ ಆ 51 ಮಕ್ಕಳು. 1961ರಲ್ಲಿ ಭಾರತ ಸರ್ಕಾರವು ಟಿಬೆಟನ್ ಶಾಲೆಗಳಿಗಾಗಿಯೇ ಪ್ರತ್ಯೇಕ ಆಡಳಿತ ಸಂಸ್ಥೆಯನ್ನು ರಚಿಸಿತು.

ಕೈಕಸುಬು ಶಾಲೆಗೆ ಆಸರೆಯಾದದ್ದು ಡಾರ್ಜಿಲಿಂಗಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ 1959ರ ಅಕ್ಟೋಬರಿನಲ್ಲಿ ಆರಂಭವಾದ ನಿರಾಶ್ರಿತರ ಸ್ವಸಹಾಯ ಕೇಂದ್ರದಲ್ಲಿ ರತ್ನಗಂಬಳಿ ನೇಯ್ಗೆ, ಮರದ ಕೆತ್ತನೆ, ಚರ್ಮದ ಕೆಲಸಗಳು ನಡೆದವು. ಅವುಗಳ ಮಾರಾಟದಿಂದ ಬಂದ ಆದಾಯ ಮುದುಕರ ಪೋಷಣೆಗೂ ಮಕ್ಕಳ ವಿದ್ಯಾಭ್ಯಾಸಕ್ಕೂ ಒದಗಿತು. ಕೈಯೊಡ್ಡುವುದಕ್ಕಿಂತ ಕೈಯಾಡಿಸುವುದು ಮೇಲೆಂಬುದು ಅವರ ನಿಲುವು.

ಬೈಲಕುಪ್ಪೆಯಲ್ಲಿ ಕೈಕಸುಬಿಗೆ ಮೊದಲು ಕೊಡಲಿ ಹಿಡಿಯಬೇಕಾಯಿತು. ಪ್ರಧಾನಿ ನೆಹರೂ ಅವರ ಕೋರಿಕೆಗೆ ಓಗೊಟ್ಟು ಅಂದಿನ ಮೈಸೂರು ರಾಜ್ಯ ಸುಮಾರು 3000 ಎಕರೆ ನೆಲವನ್ನು ಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಈಗಲೂ ಕೃತಜ್ಞತೆಯಿಂದ ನೆನೆಯುತ್ತಾರೆ. 1960ರ ಸುಮಾರಿಗೆ ಬಂದ ಮೊದಲ ತಂಡಗಳಿಗೆ ದೊರೆತುದು ಆನೆಗಳು ತಿರುಗಾಡುವ ಕಾಡು. ಮರಗಳನ್ನು ಕಡಿದು, ಪೊದೆಗಳನ್ನು ಸುಟ್ಟು ಹೊಲ ಮಾಡಬೇಕಾಗಿತ್ತು. ಬೆಂಕಿಯಲ್ಲಿ ಅಸಂಖ್ಯಾತ ಹುಳುಹುಪ್ಪಟೆಗಳು ಸಾಯುವುದನ್ನು ಕಂಡು ಆ ಬೌದ್ಧರು ಮರುಗಿದರು. ಚಳಿನಾಡಿನ ಮೈಗೆ ಇಲ್ಲಿನ ಬಿಸಿಲೂ ಹೊಸದು, ಜ್ವರಗಳೂ ಹೊಸವು. ಕಾಲಕ್ರಮದಲ್ಲಿ ಮುಸುಕಿನ ಜೋಳ ಅವರ ಮುಖ್ಯ ಬೆಳೆಯಾಯಿತು. ಸಹಕಾರ ಸಂಘ, ರತ್ನಗಂಬಳಿಯ ಮಗ್ಗಗಳು, ಶಾಲೆಗಳು, ವಿಹಾರಗಳು ಒಂದಾದ ಮೇಲೊಂದು ಬಂದವು. ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಉಣ್ಣೆಯ ಉಡುಪುಗಳನ್ನು ಊರೂರಿಗೆ ಒಯ್ದು ಮಾರುವುದು ಹಲವು ಕುಟುಂಬಗಳ ಮುಖ್ಯ ಸಂಪಾದನೆಯಾಯಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳ ಕಡೆಯೂ ಇಂಥ ನೆಲೆಗಳು ಏರ್ಪಟ್ಟವು. ಈ ನೆಲೆಗಳಲ್ಲಿ ಹುಟ್ಟಿ ಬೆಳೆದವರಲ್ಲಿ ಅನೇಕರು ಸಂತೆಯ ಕನ್ನಡವನ್ನು ನಿರರ್ಗಳವಾಗಿ ಆಡುತ್ತಾರೆ.

ಈಗ ಬೈಲಕುಪ್ಪೆಯ ದೇವಾಲಯವನ್ನು ನೋಡಲು ಬರುವ ಪ್ರವಾಸಿಗಳು ಒಡವೆಯ ಅಂಗಡಿಗಳಿಗೂ ಹೋಗುತ್ತಾರೆ. ಅಲ್ಲಿ ಕಾಣುವುದೆಲ್ಲ ಕೈಕೆಲಸವಲ್ಲ ಎಂಬುದನ್ನು ಹೇಳಲೇಬೇಕು. ‘ಟಿಬೆಟನ್ ಬೆಳ್ಳಿ’ ಎಂದು ಜಗತ್ತಿನ ಅನೇಕ ಪೇಟೆಗಳಲ್ಲಿ ಮಾರುವ ಅಗ್ಗದ ವಸ್ತುವಿನಲ್ಲಿ ಬಹಳ ವೇಳೆ ಬೆಳ್ಳಿಯೇ ಇರುವುದಿಲ್ಲ. ತಾಮ್ರ, ತವರ, ನಿಕ್ಕಲುಗಳ ಬಿಳಿಯ ಮಿಶ್ರಲೋಹವಿರುತ್ತದೆ. ನೀಲಿ ಕಲ್ಲಿನ ಹೆಸರಿನಲ್ಲಿ ಬಣ್ಣ ಹಾಕಿದ ಬಿಳಿಗಲ್ಲು, ಹವಳದ ಹೆಸರಿನಲ್ಲಿ ಗಾಜು ಬರುತ್ತವೆ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಸಾವಿರ ಪದಕಗಳನ್ನು ಒತ್ತುವವನ ಎದುರಿಗೆ, ಅರಗಿನ ಮೇಲೆ ತಗಡಿಟ್ಟು ವಾರಗಟ್ಟಲೆ ತಟ್ಟುವವನು ನಿಲ್ಲುವುದು ಕಷ್ಟ.

ಟಿಬೆಟನ್ನರ ಕೈಕೆಲಸದ ಒಡವೆಗಳನ್ನು ಮಾರಿ, ಬಂದ ಲಾಭವನ್ನು ಹಳ್ಳಿಯ ಮಕ್ಕಳ ವಿದ್ಯಾಭ್ಯಾಸಕ್ಕೆ ವಿನಿಯೋಗಿಸುವ ಪ್ರಯತ್ನಗಳ ಸತ್ತ್ವ ಪರೀಕ್ಷೆಗೆ ಒಳಗಾಗುವುದು ಇಲ್ಲಿಯೇ. ಒಂದು ಪದಕ ಸಾವಿರ ರೂಪಾಯಿಗೆ ಮಾರಾಟವಾಯಿತೆಂದು ಭಾವಿಸಿದರೆ, ಅದರಲ್ಲಿ ಮೊದಲು ಬೆಳ್ಳಿಯ ಬೆಲೆ ಹೋಗಬೇಕು. ಆಮೇಲೆ ಕಲ್ಲಿನ ಬೆಲೆ. ಆಮೇಲೆ ಕುಶಲಿಯ ಕೂಲಿ. ಉಳಿದುದರಲ್ಲಿ ಸಾಗಣೆ, ಅಂಗಡಿಯ ಬಾಡಿಗೆ, ದಲ್ಲಾಳಿಯ ಪಾಲು. ಇಷ್ಟೆಲ್ಲ ಕಳೆದು ಉಳಿಯುವ ಅಲ್ಪ ಹಣ ಶಾಲೆಯದು. ಮಧ್ಯವರ್ತಿಗಳು ಕಡಿಮೆಯಾದಷ್ಟೂ ಶಾಲೆಯ ಪಾಲು ಹಿಗ್ಗುತ್ತದೆ. ಕುಶಲಿಯ ಕೂಲಿಯನ್ನು ಕತ್ತರಿಸಿ ಶಾಲೆಯ ಪಾಲನ್ನು ಹಿಗ್ಗಿಸುವುದೂ ಸಾಧ್ಯ. ಆದರೆ ಅದನ್ನು ದಾನವೆಂದು ಕರೆಯಲಾಗದು. ಒಬ್ಬನ ಮಗುವಿನ ಪುಸ್ತಕಕ್ಕಾಗಿ ಇನ್ನೊಬ್ಬನ ಮಗುವಿನ ಊಟವನ್ನು ಕಿತ್ತುಕೊಂಡಂತಾಗುತ್ತದೆ. ಕೊಳ್ಳುವವರಲ್ಲಿ ಕನಿಕರವನ್ನು ಹುಟ್ಟಿಸಿ ಕಳಪೆ ಮಾಲನ್ನು ದಾಟಿಸುವುದೂ ಬಹುಕಾಲ ನಡೆಯುವ ವ್ಯಾಪಾರವಲ್ಲ. ಕನಿಕರದಿಂದ ಕೊಂಡವನು ಒಮ್ಮೆ ಕೊಳ್ಳುತ್ತಾನೆ, ಒಡವೆ ಚೆನ್ನಾಗಿದೆಯೆಂದು ಕೊಂಡವನು ಮತ್ತೆ ಬರುತ್ತಾನೆ.

ಆ ಅಲ್ಪ ಹಣದಿಂದ ಏನಾದೀತು ಎಂದು ಕೇಳುವವರುಂಟು. ಇದಕ್ಕೆ ಉತ್ತರವನ್ನು ಅರಕಲಗೂಡು ಅಥವಾ ಹೊಳೆನರಸೀಪುರದ ಯಾವುದಾದರೂ ಒಳಹಳ್ಳಿಯಲ್ಲಿ ಹುಡುಕಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ಹಕ್ಕನ್ನಾಗಿ ಮಾಡಿತು. ಎಂಟನೆಯ ತರಗತಿ ಮುಗಿಯುವುದರೊಂದಿಗೆ ಈ ಹಕ್ಕಿನ ಮೇರೆಯೂ ಮುಗಿಯುತ್ತದೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಬಿಸಿಯೂಟ, ಪಠ್ಯಪುಸ್ತಕಗಳು ದೊರೆಯುತ್ತವೆ, ನಿಜ. ಆದರೆ ಪ್ರೌಢಶಾಲೆ ಪ್ರತಿ ಹಳ್ಳಿಯಲ್ಲಿಯೂ ಇರುವುದಿಲ್ಲ. ಬಸ್ಸಿಲ್ಲದ ದಾರಿ, ಮಳೆಗಾಲದ ಕತ್ತಲೆ, ದೂರಕ್ಕೆ ಕಳಿಸಲು ಅಂಜುವ ತಂದೆತಾಯಿ, ಹೊಗೆಸೊಪ್ಪು ಬಿಡಿಸುವ ಕಾಲದಲ್ಲಿ ಮನೆಗೆ ಬೇಕಾಗುವ ಇನ್ನೆರಡು ಕೈಗಳು—ಇಂಥ ಸಣ್ಣ ಕಾರಣಗಳಿಂದಲೇ ಒಂಬತ್ತನೆಯ ತರಗತಿಯಲ್ಲಿ ಹಲವು ಹೆಣ್ಣುಮಕ್ಕಳ ಓದು ನಿಂತುಹೋಗುತ್ತದೆ. ಕಾರಣ ಸಣ್ಣದಾದಾಗ ಪರಿಹಾರವೂ ಸಣ್ಣದೇ. ಒಂದು ಸೈಕಲ್ಲು, ಒಂದು ಬಸ್ಸಿನ ಪಾಸು, ಸಂಜೆಯ ಪಾಠಕ್ಕೆ ಒಂದು ದೀಪ, ಒಂದು ಜೊತೆ ಕನ್ನಡಕ ಇಷ್ಟರಿಂದಲೇ ಓದು ಮುಂದುವರಿದ ಮನೆಗಳಿವೆ. 2019ರ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯಲ್ಲಿ ಜಿಲ್ಲಾವಾರು ಫಲಿತಾಂಶದ ಪಟ್ಟಿಯಲ್ಲಿ ಹಾಸನ ಮೊದಲ ಸ್ಥಾನಕ್ಕೆ ಬಂದಾಗ, ಆ ಫಲಿತಾಂಶದಲ್ಲಿ ಇಂಥ ಮನೆಗಳ ಪಾಲೂ ಇತ್ತು.

ಒಂದು ವಿಪರ್ಯಾಸ ಮಾತ್ರ ಬೈಲಕುಪ್ಪೆಗೂ ಹಾಸನಕ್ಕೂ ಸಮಾನವಾಗಿದೆ. ಕಸುಬು ದುಡಿದು ಮಕ್ಕಳನ್ನು ಓದಿಸಿತು. ಓದಿದ ಮಕ್ಕಳು ಕಸುಬಿಗೆ ಮರಳಲಿಲ್ಲ. ಟಿಬೆಟನ್ ನೆಲೆಗಳ ತರುಣ ತರುಣಿಯರು ಬೆಂಗಳೂರಿಗೆ, ದೆಹಲಿಗೆ, ಅಮೆರಿಕಕ್ಕೆ, ಕೆನಡಾಕ್ಕೆ, ಯೂರೋಪಿಗೆ ಹೋಗುತ್ತಿದ್ದಾರೆ. ನೆಲೆಗಳ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಹಾಸನದ ಪತ್ತಾರರ ಬೀದಿಯಲ್ಲಿಯೂ ಇದೇ ಮಾತು: ಮಗ ಇಂಜಿನಿಯರಾದ, ತಂದೆಯ ಕುಲುಮೆ ಆರಿತು. ದೊಡ್ಡ ಅಂಗಡಿಗಳ ಸಿದ್ಧ ಒಡವೆಗಳು ಬಂದ ಮೇಲೆ ಅಕ್ಕಸಾಲಿಗೆ ಉಳಿದಿರುವುದು ಬಹುಮಟ್ಟಿಗೆ ತುಂಡಾದ ಸರವನ್ನು ಬೆಸೆಯುವ, ಸವೆದ ಕೊಂಡಿಯನ್ನು ಬದಲಿಸುವ ಕೆಲಸ. ಇದಕ್ಕಾಗಿ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಹೊಗೆಯಲ್ಲಿ ಕಣ್ಣು ಕಳೆದುಕೊಂಡ ತಂದೆಯೇ ‘ನೀನಾದರೂ ಓದು’ ಎಂದು ಅವರನ್ನು ಶಾಲೆಗೆ ಕಳುಹಿಸಿದ್ದಾನೆ.

ಕಸುಬನ್ನೇ ಓದಿನಂತೆ ಕಲಿಸುವ ಪ್ರಯತ್ನವೂ ನಡೆದಿದೆ. ಧರ್ಮಶಾಲೆಯ ಸಮೀಪದ ಸಿದ್ಧಪುರದಲ್ಲಿ 1988ರಲ್ಲಿ ಸ್ಥಾಪನೆಯಾದ ನೋರ್ಬುಲಿಂಕಾ ಸಂಸ್ಥೆಯಲ್ಲಿ ಲೋಹದ ಕೆಲಸ, ಮರದ ಕೆತ್ತನೆ, ಥಂಕಾ ಚಿತ್ರಕಲೆಗಳಲ್ಲಿ ತರುಣರು ಗುರುಗಳ ಬಳಿ ಕುಳಿತು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಕಲಿಯುವಾಗಲೇ ಅವರಿಗೆ ಜೀವನಕ್ಕೆ ಆಧಾರ ದೊರೆಯುತ್ತದೆ. ಸಿದ್ಧವಾದ ವಸ್ತುಗಳ ಮಾರಾಟದಿಂದ ಸಂಸ್ಥೆ ನಡೆಯುತ್ತದೆ. ಲಾಸಾದಲ್ಲಿದ್ದ ದಲೈ ಲಾಮಾ ಅವರ ಬೇಸಗೆಯ ಅರಮನೆಯ ಹೆಸರೂ ನೋರ್ಬುಲಿಂಕಾ. ರತ್ನದ ಉದ್ಯಾನ ಎಂದು ಅದರ ಅರ್ಥ.

ಫೆಬ್ರವರಿ ಇಲ್ಲವೆ ಮಾರ್ಚ್ ತಿಂಗಳಲ್ಲಿ ಟಿಬೆಟನ್ನರ ಹೊಸವರ್ಷ ಲೋಸರ್ ಬರುತ್ತದೆ. ಬೈಲಕುಪ್ಪೆಯಲ್ಲಿ ಅಂದು ಪೆಟ್ಟಿಗೆಗಳ ತಳದಿಂದ ಹಳೆಯ ಒಡವೆಗಳು ಹೊರಗೆ ಬರುತ್ತವೆ. ಎಲ್ಲವನ್ನೂ ಮಾರಿಕೊಂಡವರ ಮನೆಗಳಲ್ಲಿಯೂ ಒಂದೊಂದು ಮಣಿಯನ್ನು ಉಳಿಸಿಕೊಂಡವರಿದ್ದಾರೆ. ಅಜ್ಜಿಯರು ಅದನ್ನು ಮೊಮ್ಮಕ್ಕಳ ಕೊರಳಿಗೆ ಕಟ್ಟುತ್ತಾರೆ. ಹಬ್ಬ ಮುಗಿದ ಮೇಲೆ ಮಣಿ ಪೆಟ್ಟಿಗೆಗೆ ಹಿಂದಿರುಗುತ್ತದೆ. ಮಕ್ಕಳು ಚೀಲವನ್ನು ಹೆಗಲಿಗೇರಿಸಿ ಶಾಲೆಗೆ ಹೋಗುತ್ತಾರೆ.